ಅತ್ತೆಯ ಕೋಣೆ ತಲುಪದ ಕನ್ನಡ ಚಾನೆಲ್

ಅಂದು ಮಾಡಿದ ಕೆಲಸಗಳು: ನಲ್ಲಿ ಬಂದಾಗ ನೀರು ಹಿಡಿದಿಟ್ಟದ್ದು, ಅತ್ತೆಯ ಸೀರೆಗಳಿಗೆ ಗಂಜಿ ಹಾಕಿದ್ದು, ಮಗಳ ಚಪ್ಪಲಿ ಹೊಲಿಸಿ ತಂದದ್ದು, ಉದ್ದು ನೆನೆಹಾಕಿದ್ದು, ಕೇಬಲ್‌ನವನಿಗೆ ಮತ್ತೆ ಫೋನ್ ಮಾಡಿದ್ದು. ಎಲ್ಲಕ್ಕಿಂತ ಸುಸ್ತು ಮಾಡಿದ್ದು ಆ ಫೋನೇ.

ನಾವಾಗ ವಿಶಾಖಪಟ್ಟಣದ ಪೆಂಡುರ್ತಿಯಲ್ಲಿ ಬಾಡಿಗೆಗೆ ಇದ್ದೆವು. ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಗಿ, ಗವರ್ನರ್‌ಪೇಟೆಯ ಕೋಣೆಯೊಂದರಲ್ಲಿ ಒಬ್ಬರೇ ಇದ್ದರು. ಸಂಜೆ ಅಲ್ಲಿನ ನೆಟ್ ಸೆಂಟರಿನಿಂದ ತಾಯಿಗೆ ಮುಖ ತೋರಿಸಿ ಮಾತಾಡಬೇಕೆಂದು ಮನೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಹಾಕಿಸಿದ್ದರು. ಟಿವಿಯ ವೈರಿನಲ್ಲೇ ಅದೂ ಬರುತ್ತಿತ್ತು. ಅದರ ಮೋಡೆಮ್ ಪೆಟ್ಟಿಗೆ ಬಂದಂದಿನಿಂದ ಅತ್ತೆಯ ಟಿವಿಯಲ್ಲಿ ಕನ್ನಡ ಚಾನೆಲ್ ಕಾಣದಾಯಿತು. ತೆಲುಗಿನವೆಲ್ಲ ಚೆನ್ನಾಗಿಯೇ ಇದ್ದವು. ಸಾಲಿನ ಕೊನೆಯಲ್ಲಿದ್ದ ಕನ್ನಡದ್ದು ಮೊದಲೇ ಬಡಕಲು.

ಗದಗಿನ ಕಡೆಯ ಅತ್ತೆಗೆ ದಿನವಿಡೀ ಕನ್ನಡ ಕೇಳಿಸುತ್ತಿದ್ದುದು ಆ ಟಿವಿಯಿಂದ ಮತ್ತು ನನ್ನಿಂದ. ಸಂಜೆಯ ಹೊತ್ತಿಗೆ ನನಗೆ ಮಾತಾಡುವ ತ್ರಾಣ ಇರುತ್ತಿರಲಿಲ್ಲ. ಮಗಳು ಕೇಳಿದ್ದಕ್ಕೆಲ್ಲ ತೆಲುಗಿನಲ್ಲೇ ಉತ್ತರ ಕೊಡುವಳು. ಅತ್ತೆ ಮಾತ್ರ ಬಿಳಿ ಚುಕ್ಕೆಗಳ ಮುಂದೆ ಕಿವಿಯಿಟ್ಟು ಕೂತೇ ಇರುತ್ತಿದ್ದರು.

“ಏನರ ಕಾಣತೈತೇನ್ರಿ ಅತ್ತಿ?”

“ಏನೂ ಕಾಣಂಗಿಲ್ಲವಾ. ದನಿ ಬರತೈತಲ್ಲ, ಸಾಕು. ಯಾರು ಅಳಾಕತ್ತಾರಂತ ಅಷ್ಟ ತಿಳಿವಲ್ದು.”

ತಪ್ಪು ನಾವು ತೋರಿಸಿದ ಮರ್ಯಾದೆಯದೇ. ಮನೆಯ ಒಡತಿ ವಾಸ್ತು ನಂಬುವವರು. ಹಿರಿಯರು ನೈರುತ್ಯದ ಕೋಣೆಯಲ್ಲಿ ಮಲಗಬೇಕು, ಆ ಮೂಲೆಯ ಗೋಡೆಗೆ ತೂತು ಕೊರೆಯಬಾರದು ಎಂದಿದ್ದರು. ನಾವೂ ಹೂಂ ಅಂದಿದ್ದೆವು. ಹಾಗಾಗಿ ವೈರು ಈಶಾನ್ಯದ ಕಿಟಕಿಯಿಂದ ಒಳಬಂದು, ಮೊದಲ ಸ್ಪ್ಲಿಟರಿನಲ್ಲಿ ಕವಲೊಡೆದು ಸಿಗ್ನಲ್ಲಿನ ಅರ್ಧವನ್ನು ಮೋಡೆಮ್ಮಿಗೆ ಕೊಟ್ಟು, ಮುಂದಿನದರಲ್ಲಿ ಹಾಲಿನ ಟಿವಿಗೆ ಕೊಟ್ಟು, ಅಡುಗೆಮನೆಯ ಅಟ್ಟ ಹಾಯ್ದು, ಮಿಕ್ಕದ್ದನ್ನು ಅತ್ತೆಗೆ ಒಯ್ಯುತ್ತಿತ್ತು. ದೊಡ್ಡ ಮಣೆ ಹಾಕಿ ಕೂರಿಸಿ ಕೊನೆಗೆ ಬಡಿಸಿದ ಹಾಗೆ.

ಸಂಜೆ ಕೇಬಲ್‌ನವನು ಬಂದು ಕಿಟಕಿಯ ಬಳಿ ಸಿಗ್ನಲ್ ಜೋರು ಮಾಡುವ ಬೂಸ್ಟರ್ ಕೂರಿಸಿದ. ಚಿತ್ರ ಬಂತು, ಮೋಡೆಮ್ಮಿನ ದೀಪ ಆರಿತು. ಈ ಬೂಸ್ಟರು ಒಳಗೆ ಬರುವುದನ್ನಷ್ಟೇ ಬಿಡುತ್ತದೆ, ಮೋಡೆಮ್ ಹೊರಗೆ ಕಳಿಸುವುದನ್ನು ಬಿಡುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿ, “ಏದೋ ಒಕಟಿ ಚೆಪ್ಪಂಡಮ್ಮಾ” ಎಂದ. ಯಾವುದಾದರೂ ಒಂದನ್ನು ಹೇಳಬೇಕಂತೆ.

ಯಜಮಾನರಿಗೆ ಫೋನ್ ಮಾಡಿದೆ. “ಮೋಡೆಮ್ ತಗಸಿಬಿಡು. ಅವ್ವನ ಚಾನೆಲ್ ಇರಲಿ,” ಎಂದರು.

ಅದನ್ನೇ ನಾನು ಕೇಬಲ್‌ನವನಿಗೆ ಹೇಳುವಷ್ಟರಲ್ಲಿ ಅತ್ತೆ ಒಳಗಿನಿಂದಲೇ ಕೂಗಿದರು: “ತಗಸಬ್ಯಾಡ! ಮಂದಿ ಮಕ್ಕಳನ್ನ ನೋಡಕೋಂತ ಕುಂತು ನನ್ನ ಮಗನ್ನ ಬಿಡ್ಲೇನು?” ಹಾಗೆಂದವರೇ ಟಿವಿ ಆರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸಿಟ್ಟಲ್ಲ. ಸಿಟ್ಟಾಗಿದ್ದರೆ ನನಗೂ ಹಗುರವಾಗುತ್ತಿತ್ತು.

ಹಾಲಿಗೆ ಬಂದೆ. ಮಧ್ಯಾಹ್ನ ಕೆಲಸ ಮುಗಿಸಿ ನಾನು ಕಾಲು ಚಾಚಿ ಕೂರುತ್ತಿದ್ದುದು ಹಾಲಿನ ಟಿವಿಯ ಮುಂದೆ. ಆಮೇಲೆ ಕೇಬಲ್‌ನವನಿಗೆ ಬೂಸ್ಟರ್ ಬಿಚ್ಚಲು ಹೇಳಿದೆ, ಹಾಲಿನ ಸ್ಪ್ಲಿಟರನ್ನೂ ತೆಗೆದುಬಿಡಲು ಹೇಳಿದೆ. ಇನ್ನು ಒಂದು ಪಾಲು ಮೋಡೆಮ್ಮಿಗೆ, ಇನ್ನೊಂದು ನೇರ ಅತ್ತೆಗೆ.

ಟ್ಯೂಷನ್ನಿನಿಂದ ಬಂದ ಮಗಳು ಕತ್ತಲಾದ ಟಿವಿ ನೋಡಿ, “ಮರಿ ನಾ ಪಾಟಲು?” ಎಂದು ತನ್ನ ಹಾಡುಗಳಿಗಾಗಿ ಅಳುದನಿ ತೆಗೆದಳು.

“ಅಜ್ಜಿ ಕ್ವಾಣ್ಯಾಗ ನೋಡು ಹೋಗು.”

“ಅಜ್ಜಿ ರಿಮೋಟ್ ಇವ್ವದು!”

“ಕನ್ನಡದಾಗ ಕೇಳಿದ್ರ ಕೊಡತೀನಿ,” ಎಂದರು ಅತ್ತೆ, ಎದ್ದು ಕೂತು.

ಚಿತ್ರದಲ್ಲಿ ಚುಕ್ಕೆಗಳು ಪೂರಾ ಹೋಗಲಿಲ್ಲ, ಆದರೆ ಮುಖಗಳು ಗುರುತು ಹತ್ತಿದವು. ಕಂಪ್ಯೂಟರಿನಲ್ಲಿ ಮಗ ಬಂದು “ಅವ್ವಾ” ಎಂದಾಗ ಅತ್ತೆ ಮುಖ ತೋರಿಸಿ, ಉಂಡಿಯೇನು ಎಂದು ಕೇಳಿ, “ನಾಳೆ ಮಾತಾಡೂಣಪ, ಧಾರಾವಾಹಿ ಚಾಲೂ ಆಗೈತಿ” ಎಂದು ಹೊರಟೇಬಿಟ್ಟರು. ಮೊಮ್ಮಗಳು ಮಂಚದ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಅವಳಿಗೆ ಯಾರು ಯಾರ ಸೊಸೆ ಎಂದು ಅತ್ತೆ ಬಿಡಿಸಿ ಬಿಡಿಸಿ ಹೇಳತೊಡಗಿದರು.

ಊಟ ಅಲ್ಲೇ ಆಯಿತು: ಬೆಳಗಿನ ಅನ್ನಕ್ಕೆ ಮೊಸರು, ನಂಚಿಕೊಳ್ಳಲು ಗೋಂಗೂರ ಪಚ್ಚಡಿ. ತಟ್ಟೆ ಎತ್ತುವ ಮೊದಲೇ ಗೋಡೆಗೊರಗಿ ನಿದ್ದೆ ಹೋದವಳು ನಾನು.