ನಯನಳ ಸಾಲು

ಕಿರುಗಾವಲಿನ ಚಿಕ್ಕತಾಯಮ್ಮ ನಲವತ್ತು ವರ್ಷ ಮುಯ್ಯಾಳಾಗಿ, ಇವರ ಗದ್ದೆಗೆ ಅವರು ಅವರ ಗದ್ದೆಗೆ ಇವರು ಎಂದು ಕೂಲಿಯಿಲ್ಲದೆ ನಾಟಿ ಹಾಕಿದವಳು. ಯಾರ ಸಾಲು ಹಿಂದೆ ಬಿತ್ತೆಂದು ಬಗ್ಗಿದಲ್ಲಿಂದಲೇ ಹೇಳುತ್ತಿದ್ದಳು. ಅಂದು ಪಕ್ಕದ ಮನೆಯ ಸೊಸೆ ನಯನ ಮೂರು ಸಲ ಸಾಲು ಬಿಟ್ಟು ಕಬ್ಬಿನ ಮರೆಗೆ ಹೋದಳು.

"ಮೈಗಳ್ಳಿ ಕಣಕ್ಕ. ನಾಳೆ ಅವಳ ಗದ್ದೆಗೆ ಯಾರೂ ಓಗದು ಬ್ಯಾಡ," ಎಂದಳು ಪಕ್ಕದ ಸಾಲಿನಲ್ಲಿ ನೆಡುತ್ತಿದ್ದ ಪುಟ್ಟಮಾದಮ್ಮ.

ಚಿಕ್ಕತಾಯಮ್ಮನಿಗೂ ಅದೇ ಅನುಮಾನ. ಫೋನು ಹಿಡಿದು ಕೂತಿರಬೇಕೆಂದು ಸದ್ದಿಲ್ಲದೆ ಹಿಂದೆಯೇ ಹೋದಳು. ನಯನ ಹಲ್ಲು ಕಚ್ಚಿಕೊಂಡು ಎದೆಹಾಲನ್ನು ಕಬ್ಬಿನ ಬುಡಕ್ಕೆ ಹಿಂಡುತ್ತಿದ್ದಳು. ಮೂರು ತಿಂಗಳ ಕೂಸು ಮನೆಯಲ್ಲಿತ್ತು.

ಚಿಕ್ಕತಾಯಮ್ಮ ಬಂದು ನಯನಳ ಸಾಲಿಗೆ ತಾನೇ ಬಗ್ಗಿದಳು.

"ಏನ್ ಕೊಟ್ಲಕ್ಕ ನಿಂಗೆ?" ಪುಟ್ಟಮಾದಮ್ಮ ಕೆಣಕಿದಳು.

"ಆಲು ಕಟ್ಕಂಡು ಸಾಯ್ತಾವ್ಳೆ ಕಣೆ. ನಿಂಗೆ ಕಟ್ಟಿರ್ನಿಲ್ವಾ?"

ಪುಟ್ಟಮಾದಮ್ಮ ಕೈಲಿದ್ದ ಪೈರು ನೆಟ್ಟಳು. "ನಾಳೆ ಮಗೀನ ಗದ್ದೆಗೇ ತರಾಕೇಳು. ಹೊಂಗೆಮರಕ್ಕೆ ಜೋಲಿ ಕಟ್ಟವ. ಆದ್ರೂ ಅವಳ ಸಾಲ್ನ ನಾನ್ ನೋಡ್ತಿರ್ತೀನಿ," ಎಂದಳು.