ಗಂಡನ ಹೆಸರು ಕೂಗಿದವಳು

ಕಸ್ತೂರಿಬಾಯಿಗೆ ಅತ್ತೆ ಭಾಗಮ್ಮ ಇಟ್ಟ ಹೆಸರು ನಾಚಿಗ್ಗೇಡಿ. ಇಟ್ಟದ್ದು ಎಂಬತ್ತನಾಲ್ಕರ ಬೇಸಿಗೆಯಲ್ಲಿ, ಕಮಲಾಪುರದ ಬಸ್ ನಿಲ್ದಾಣದಲ್ಲಿ, ಊರ ಹಿರಿಯರೆಲ್ಲ ನೋಡುತ್ತಿರುವಾಗ.

ಅವಳ ಗಂಡ ಅಣವೀರಪ್ಪ ಅಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ. ಅಂದು ಬುಟ್ಟಿ ಇಳಿಸಿಕೊಳ್ಳುತ್ತಿದ್ದವನ ಬೆನ್ನಿಗೆ ಮಹಾಗಾಂವದ ಟೆಂಪೊ ಹಿಮ್ಮುಖವಾಗಿ ಬರತೊಡಗಿತು. ಕಸ್ತೂರಿಬಾಯಿ ತಲೆಯ ಮೇಲಿನ ಸೆರಗು ಹಿಡಿದುಕೊಂಡು "ರೀ, ರೀ" ಎಂದಳು. ನಿಲ್ದಾಣದ ಗಂಡಸರೆಲ್ಲ ತಿರುಗಿದರು, ಅವನೊಬ್ಬನನ್ನು ಬಿಟ್ಟು. ಆಗ ಅವಳು ಸೆರಗು ಬಿಟ್ಟು, ಗಂಟಲು ಹರಿಯುವಂತೆ "ಅಣವೀರಪ್ಪಾ" ಎಂದು ಕೂಗಿದಳು. ಅವನು ಬೆಚ್ಚಿ ಪಕ್ಕಕ್ಕೆ ಹಾರಿದ. ಬುಟ್ಟಿ ಅಪ್ಪಚ್ಚಿಯಾಯಿತು.

ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಆ ಮನೆಯ ನಂಬಿಕೆ. "ನಾಕ ಮಂದಿ ಮುಂದ ಹೆಸರ ಹಿಡದ ಒದರ್ಯಾಳ, ನಾಚಿಗ್ಗೇಡಿ" ಎಂದಳು ಭಾಗಮ್ಮ. ಆಯುಷ್ಯ ಉಳಿಸಿದ್ದೇ ಆ ಕೂಗು ಎಂದು ಯಾರಿಗೂ ಹೊಳೆಯಲಿಲ್ಲ. ಬದುಕುಳಿದ ಪುಣ್ಯಾತ್ಮನಿಗೂ ಹೊಳೆಯಲಿಲ್ಲ.

ಅಂದಿನಿಂದ ರೊಟ್ಟಿ ಸೀದರೂ ನಾಚಿಗ್ಗೇಡಿ, ಜೋರಾಗಿ ನಕ್ಕರೂ ನಾಚಿಗ್ಗೇಡಿ. ಕಸ್ತೂರಿಬಾಯಿ ಮೊದಮೊದಲು ಅತ್ತಳು, ಆಮೇಲೆ ಜಗಳಾಡಿದಳು, ಕೊನೆಗೆ ಎರಡೂ ಸಾಕಾದವು. ಆದರೂ ಒಂದಾಸೆ ಮಾತ್ರ ಹೋಗಲಿಲ್ಲ. ಸಾಯುವ ಮೊದಲು ಅತ್ತೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ಅಷ್ಟೇ.

ಸೊಸೆಯ ತಲೆಯೂ ಬೆಳ್ಳಗಾಗುವ ಹೊತ್ತಿಗೆ ಭಾಗಮ್ಮನಿಗೆ ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಯಿತು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಮಲಗಿಸಿದರು. ಹೊಲಸಾದ ಸೀರೆ ಬದಲಿಸಲು ಶಹಾಬಜಾರದಿಂದ ಸ್ವಂತ ಮಗಳು ಗುರುಬಾಯಿ ಬಂದರೆ, ಮುದುಕಿ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೊಲ್ಲಳು. ಆಯಾ ಬಂದರೂ ಅಷ್ಟೇ. ಕಸ್ತೂರಿಬಾಯಿ ಬಂದು ಚಾದರ ಹಿಡಿದು ಮರೆಮಾಡಿದರೆ ಮಾತ್ರ ಮುಷ್ಟಿ ಸಡಿಲವಾಗುತ್ತಿತ್ತು.

ಒಂದು ಮಧ್ಯಾಹ್ನ ಒರೆಸುತ್ತ ಒರೆಸುತ್ತ ಅವಳು ಕೇಳಿಯೇಬಿಟ್ಟಳು: "ಹಡದ ಮಗಳಿಗೂ ಸೀರಿ ಬಿಡಂಗಿಲ್ಲ ನೀವು. ನನಗ ಹ್ಯಾಂಗ ಬಿಡ್ತೀರಿ ಅತ್ತಿ?"

ಸೊಟ್ಟ ಬಾಯಿಯಿಂದ ಮಾತು ತಡವಾಗಿ ಬಂತು. "ಅಕಿ ಮುಂದ ನಾಚಿಕಿ ಬರ್ತದ. ನಿನ್ನ ಮುಂದ ಬರಂಗಿಲ್ಲ. ನೀ ನಾಚಿಗ್ಗೇಡಿ ಇದ್ದಿ, ಅದಕ್ಕ."

ಕಸ್ತೂರಿಬಾಯಿ ಸಿಟ್ಟು ಬರುತ್ತದೆಂದು ಕಾದಳು. ಬರಲಿಲ್ಲ. ಇಷ್ಟು ವರ್ಷ ಕಾದದ್ದಕ್ಕೆ ಸಿಕ್ಕಿದ್ದು ಇದೇ, ಇನ್ನು ಇದಕ್ಕಿಂತ ಹೆಚ್ಚು ಸಿಗುವುದಿಲ್ಲ ಎಂದು ತಿಳಿಯಿತು. ಒದ್ದೆ ಬಟ್ಟೆ ಹಿಂಡಿದಳು.

"ಈ ಕಡಿ ಹೊಳ್ಳ್ರಿ ಅತ್ತಿ" ಎಂದಳು.

ಭಾಗಮ್ಮ ಸರಿಯಿದ್ದ ಕೈಯಲ್ಲಿ ಸೊಸೆಯ ಸೆರಗು ಹಿಡಿದುಕೊಂಡು ಹೊರಳಿದಳು.