ಹಿಂದಿನ ಚಕ್ರದ ಬಿಸಿ

ಹೆಮ್ಮಿಗೆಯ ಪುಟ್ಟಬಸವಯ್ಯ ಚಪ್ಪಲಿ ಮೆಟ್ಟಿಕೊಂಡು ಸ್ಟೇರಿಂಗ್ ಹಿಡಿದವನಲ್ಲ. ಕಬ್ಬಿನ ಲಾರಿಯಲ್ಲಿ ಹದಿನೆಂಟು ವರ್ಷ, ನಂಜನಗೂಡಿನ ಕಡೆಯ ಒಂದು ಖಾಸಗಿ ಶಾಲೆಯ ಬಸ್ಸಿನಲ್ಲಿ ಒಂಬತ್ತು ವರ್ಷ, ಅಷ್ಟೂ ಕಾಲ ಅವನು ಬರಿಗಾಲಿನಲ್ಲೇ ಗಾಡಿ ಹತ್ತಿದನು. ಚಪ್ಪಲಿಗಳನ್ನು ಸೀಟಿನ ಕೆಳಗೆ ಜೋಡಿಸಿಟ್ಟು, ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬಲಗಾಲಿನಿಂದ ಬ್ರೇಕನ್ನು ಒಮ್ಮೆ ಒತ್ತಿ ನೋಡಿದ ಮೇಲೆಯೇ ಕೀಲಿ ತಿರುಗಿಸುವುದು. ಎಂಜಿನ್ನಿನ ನಡುಕವೂ ಗಾಡಿ ಹೊತ್ತ ಭಾರವೂ ಅಂಗಾಲಿನಿಂದಲೇ ತನಗೆ ತಿಳಿಯುತ್ತವೆ ಎಂದು ಅವನು ನಂಬಿದ್ದನು. "ಕಣ್ಣು ರೋಡ್ ನೋಡ್ಬೇಕು, ಕಾಲು ಗಾಡಿ ನೋಡ್ಬೇಕು ಕಣ್ರಲಾ" ಎಂದು ಹೊಸ ಡ್ರೈವರುಗಳಿಗೆ ಪಾಠ ಹೇಳುತ್ತಿದ್ದನು. ಇಪ್ಪತ್ತೇಳು ವರ್ಷಗಳಲ್ಲಿ ತನ್ನ ಚಕ್ರಕ್ಕೆ ಸಿಕ್ಕಿ ಒಂದು ಕೋಳಿಯೂ ಸತ್ತಿಲ್ಲವೆಂಬುದು ಅವನ ಹೆಮ್ಮೆಯಾಗಿತ್ತು. ಅದನ್ನು ಸುಳ್ಳೆಂದವರು ಯಾರೂ ಇರಲಿಲ್ಲ.

ಲಾರಿಯ ಮಾಲೀಕನು ಲಾರಿ ಮಾರಿದಾಗ ಪುಟ್ಟಬಸವಯ್ಯನಿಗೆ ನಲವತ್ತೈದು ದಾಟಿತ್ತು. ಆ ವಯಸ್ಸಿನವನಿಗೆ ನರಸೀಪುರದ ಸುತ್ತಮುತ್ತ ಯಾರೂ ಕೆಲಸ ಕೊಡಲಿಲ್ಲ. ಕೊಟ್ಟದ್ದು ಆ ಶಾಲೆಯೊಂದೇ. ಚಿಕ್ಕಯ್ಯನಛತ್ರದ ಸುತ್ತಲಿನ ಹಳ್ಳಿಗಳಿಂದ ನಲವತ್ತೆರಡು ಮಕ್ಕಳನ್ನು ಕೂಡಿಸಿ ತಂದು, ಸಂಜೆ ಮತ್ತೆ ಮನೆಮನೆಗೆ ಮುಟ್ಟಿಸುವುದು ಅವನ ಪಾಲಿನ ಕೆಲಸ. ಆ ಬಸ್ಸು ನಿಲ್ಲುವ ಶಾಲೆಯನ್ನು ಮುಟ್ಟಬೇಕಾದರೆ ಅವನು ಹೆಮ್ಮಿಗೆಯಿಂದ ಬೆಳಗಿನ ಐದೂವರೆಗೇ ತನ್ನ ಮೋಟಾರು ಸೈಕಲ್ಲಿನಲ್ಲಿ ಹೊರಡಬೇಕು. ಹೋಗಿ ಬರಲು ದಿನಕ್ಕೆ ಎಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಗಾಡಿ ಲೀಟರಿಗೆ ಅರವತ್ತೈದು ಕೊಡುತ್ತಿದ್ದುದರಿಂದ ಸಂಬಳದಲ್ಲಿ ಮನೆಗೂ ಒಂದಿಷ್ಟು ಮುಟ್ಟುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಆ ಮೈಲೇಜು ಐವತ್ತಕ್ಕಿಳಿಯಿತು. ಶಿವರಾತ್ರಿಯ ಹೊತ್ತಿಗೆ ನಲವತ್ತೂ ಕಷ್ಟವಾಯಿತು. ಎಲ್ಲ ಡ್ರೈವರುಗಳಂತೆ ಅವನೂ ಮೊದಲು ಪೆಟ್ರೋಲ್ ಬಂಕನ್ನು ಶಂಕಿಸಿ, ಬಂಕು ಬದಲಿಸಿದನು, ಫಲವಾಗಲಿಲ್ಲ. ಅನಂತರ ನರಸೀಪುರದ ನಿಂಗರಾಜುವಿನ ಗ್ಯಾರೇಜಿಗೆ ಗಾಡಿಯನ್ನು ತಂದು ನಿಲ್ಲಿಸಿದನು.

"ಏನಣ್ಣ, ಗಾಡಿ ಕುಡಿಯಾಕ್ ಕಲ್ತದಂತೆ?" ಎಂದನು ನಿಂಗರಾಜು.

"ಮನೇಲಿ ಯಾರ್ಗೂ ಇಲ್ದಿರೋ ಚಟ, ಇದ್ಕೆಲ್ಲಿಂದ ಅಂಟ್ಕೊಂತೋ ಕಾಣೆ."

"ಸವಾಸ ದೋಸ. ನಿನ್ನ ಬುಟ್ಟು ಇನ್ಯಾರ್ ಸವಾಸ ಅದೆ ಅದ್ಕೆ?"

ನಗುತ್ತಲೇ ನಿಂಗರಾಜು ಕೆಲಸಕ್ಕೆ ಕೈಹಾಕಿದನು. ಏರ್ ಫಿಲ್ಟರಿನಲ್ಲಿ ಕಬ್ಬಿನ ಗದ್ದೆಯ ದೂಳಿತ್ತು, ಬಡಿದು ತೆಗೆದನು. ಟೈರುಗಳಿಗೆ ಗಾಳಿ ತುಂಬಿದನು, ಚೈನು ಬಿಗಿಮಾಡಿದನು. ಕೊನೆಗೆ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದನು. ಅದರ ತುದಿ ಇಟ್ಟಿಗೆಯ ಬಣ್ಣಕ್ಕಿತ್ತು.

"ನೋಡಣ್ಣ, ಇದು ಕರ್ರಗಿದ್ದಿದ್ರೆ ಕಾರ್ಬೊರೇಟ್ರು ಜಾಸ್ತಿ ಸುರೀತಾ ಅದೆ ಅಂತ ಏಳ್ಬೋದಿತ್ತು. ಎಣ್ಣೆ ಸರ್ಯಾಗೇ ಉರೀತಾ ಅದೆ. ಎಂಜಿನ್ನಲ್ಲಿ ಏನೂ ಇಲ್ಲ."

ಎರಡು ವಾರ ಕಳೆದರೂ ಲೆಕ್ಕ ನಲವತ್ತನ್ನು ದಾಟಲಿಲ್ಲ. ಶಾಲೆಗೆ ರಜೆಯಿದ್ದ ಭಾನುವಾರ ಪುಟ್ಟಬಸವಯ್ಯ ಮತ್ತೆ ಬಂದನು. ಈ ಸಲ ನಿಂಗರಾಜು ಹಿಂದಿನ ಚಕ್ರ ಬಿಚ್ಚಿದನು. ಸಂಕ್ರಾಂತಿಗೆ ಹಾಕಿದ ಬ್ರೇಕ್ ಲೈನರುಗಳು ಬೀಡಿ ಎಲೆಯಷ್ಟು ತೆಳ್ಳಗಾಗಿದ್ದವು. ಅವು ಒತ್ತಿ ಹಿಡಿಯುವ ಡ್ರಮ್ಮಿನ ಒಳಮೈ ಸುಟ್ಟು ನೀಲಿಗಟ್ಟಿತ್ತು. ಎರಡು ವರ್ಷ ಬಾಳುವ ಲೈನರು ಎರಡು ತಿಂಗಳಿಗೆ ಮುಗಿದಿತ್ತು. ಹೊಸದನ್ನು ಕೂರಿಸಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರ ತಿರುಗಿಸಿದರೆ ಅದು ಕುಂಬಾರನ ತಿಗರಿಯಂತೆ ತಡೆಯಿಲ್ಲದೆ ತಿರುಗಿತು.

"ಸ್ಟ್ಯಾಂಡ್ ಮೇಲೆ ಆರೋಗ್ಯ, ರೋಡ್ ಮೇಲೆ ಜ್ವರ. ಇದೆಂತಾ ಕಾಯ್ಲೆ?" ಎಂದು ನಿಂಗರಾಜು ತಲೆ ಕೆರೆದುಕೊಂಡನು. ಆಗ ಅವನ ಕಣ್ಣಿಗೆ ಬಿದ್ದದ್ದು ಬ್ರೇಕ್ ಲೈಟು. ಬಲ್ಬು ಸುಟ್ಟುಹೋಗಿ ಗಾಜು ಕಪ್ಪಾಗಿತ್ತು. ಅವನು ಬೇರೊಂದು ಬಲ್ಬು ಹಾಕಿ, "ಸೇತುವೆಗಂಟ ಓಗಿ ಬಾ ಅಣ್ಣ, ನಾನು ನಿನ್ನಿಂದೆ ಬತ್ತೀನಿ" ಎಂದನು.

ಪುಟ್ಟಬಸವಯ್ಯ ಎಂದಿನ ಹದದಲ್ಲೇ ಓಡಿಸಿದನು. ಕನ್ನಡಿಯಲ್ಲಿ, ಇನ್ನೊಂದು ಗಾಡಿಯ ಮೇಲೆ, ನಿಂಗರಾಜು ಕಾಣುತ್ತಲೇ ಇದ್ದನು. ಮುಂದೆ ಹೋಗೆಂದು ಕೈತೋರಿದರೂ ಅವನು ಹಿಂದಿಕ್ಕಿ ಹೋಗಲಿಲ್ಲ. ಗ್ಯಾರೇಜಿಗೆ ಮರಳಿ ಇಳಿದಾಗ ನಿಂಗರಾಜುವಿನ ಮುಖದಲ್ಲಿ ನಗುವಿರಲಿಲ್ಲ. ಡ್ರಮ್ಮಿನ ಬಳಿ ಅಂಗೈ ಚಾಚಿ, ಬಿಸಿ ತಾಗಿದೊಡನೆ ಹಿಂತೆಗೆದನು.

"ಅಣ್ಣ, ನೀನು ಬ್ರೇಕ್ ಮೇಲಿಂದ ಕಾಲೇ ತೆಗೀನಿಲ್ಲ."

"ಯಾವನ್ಲಾ ಏಳ್ದೋನು?"

"ಲೈಟೇ ಏಳ್ತು. ಓಗ್ತಾನೂ ಉರೀತು, ಬತ್ತಾನೂ ಉರೀತು. ಒಂದ್ಸಲಾನೂ ಆರ್ನಿಲ್ಲ."

"ಇಪ್ಪತ್ತೇಳ್ ವರ್ಸ ಸ್ಟೇರಿಂಗ್ ಇಡ್ದೋನ್ಗೆ ಬ್ರೇಕ್ ತುಳಿಯೋದ್ ಏಳ್ಕೊಡ್ತೀಯಾ? ನೀನ್ ಉಟ್ಟೋಕ್ ಮುಂಚೆ ನಾನು ಕಬ್ಬಿನ್ ಲೋಡ್ ಇಳಿಸ್ದೋನು ಕಣ್ಲಾ!"

ನಿಂಗರಾಜು ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಎಳೆದು ನಿಲ್ಲಿಸಿ, ಅವನನ್ನು ಹತ್ತಿ ಕೂರಲು ಹೇಳಿದನು. ತಾನು ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಚಕ್ರಕ್ಕೆ ಕೈಕೊಟ್ಟನು.

"ಈಗ ಬ್ರೇಕಿಂದ ಕಾಲು ತೆಗಿ ಅಣ್ಣ."

"ತೆಗ್ದೆ."

ಚಕ್ರ ಅಲುಗಲಿಲ್ಲ.

"ತೆಗ್ದಾ?"

"ತೆಗ್ದೆ ಅಂದ್ನಲ್ಲ!"

"ಬಗ್ಗಿ ನೋಡ್ಕೊ."

ಪುಟ್ಟಬಸವಯ್ಯ ಬಗ್ಗಿ ನೋಡಿದನು. ಅವನ ಬಲಗಾಲು ಪೆಡಲಿನ ಮೇಲೆ, ಚಪ್ಪಲಿಯ ಮುಂಭಾಗ ಬಾಗುವಷ್ಟು ಒತ್ತಿಕೊಂಡು, ನೆಲೆಯೂರಿತ್ತು. ಅದು ಬೇರೆ ಯಾರದೋ ಕಾಲೆಂಬಂತೆ ಅವನು ಬಹಳ ಹೊತ್ತು ಅದನ್ನೇ ದಿಟ್ಟಿಸಿದನು. ನೋಡುತ್ತಾ ಎತ್ತಿದರೆ ಎದ್ದಿತು. ಚಕ್ರ ತಿರುಗಿತು.

ನಿಂಗರಾಜು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದನು. "ಅಣ್ಣ, ಬಸ್ಸಿಗೂ ಇದೇ ಕಾಲಲ್ವಾ?"

ಪುಟ್ಟಬಸವಯ್ಯ ಗಾಡಿ ಹತ್ತಿ ಹೊರಟನು. ದಾರಿಯುದ್ದಕ್ಕೂ ಬಲಗಾಲನ್ನು ಹಿಂದೆ ಕೂರುವವರ ಕಾಲ್ಮೆಟ್ಟಿನ ಮೇಲಿಟ್ಟುಕೊಂಡು, ಕೈಬ್ರೇಕಿನಲ್ಲೇ ಗಾಡಿಯನ್ನು ಮನೆ ಮುಟ್ಟಿಸಿದನು. ಆರು ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯ ಮಾತ್ರೆಗಳನ್ನು ತಲೆ ತಿರುಗಿದ ದಿನ ಮಾತ್ರ ನುಂಗಿ, ಉಳಿದ ದಿನ ಹಾಗಲಕಾಯಿಯ ರಸದಲ್ಲಿ ಕಳೆದವನು. ಕಾಲು ಹತ್ತಿಯ ಮೇಲೆ ನಡೆದಂತಾದಾಗ ಜೋಮು ಎಂದುಕೊಂಡಿದ್ದನು. ಹೋದ ತಿಂಗಳು ಬಲಗಾಲಿನ ಚಪ್ಪಲಿ ದಾರಿಯಲ್ಲೆಲ್ಲೋ ಬಿದ್ದುಹೋದದ್ದು ಶಾಲೆಯಲ್ಲಿ ಇಳಿದ ಮೇಲಷ್ಟೇ ತಿಳಿದಿತ್ತು. ಮಕ್ಕಳು ನಕ್ಕಾಗ "ಇನ್ನೊಂದು ಇಂದ್ಗಡೆ ಬಸ್ಸಲ್ಲಿ ಬತ್ತಾ ಅದೆ" ಎಂದು ತಾನೂ ನಕ್ಕಿದ್ದನು. ಶಿವರಾತ್ರಿಯ ಹಿಂದಿನ ದಿನ ರಸ್ತೆ ದಾಟುತ್ತಿದ್ದ ಹೆಣ್ಣುಮಗುವೊಂದರ ಮುಂದೆ ಬಸ್ಸು ಒಂದು ಮೊಳದಷ್ಟು ತಡವಾಗಿ ನಿಂತಿತ್ತು. ಅಂದೇ ಬಸ್ಸು ರಿಪೇರಿಯ ಫಿಟ್ಟರನನ್ನು ಕರೆಸಿ ಬೈದಿದ್ದನು. ಬ್ರೇಕಿನಲ್ಲಿ ದೋಷವಿಲ್ಲವೆಂದು ಫಿಟ್ಟರನು ಹೇಳಿದಾಗ ಕೆಲಸಗಳ್ಳ ಎಂದಿದ್ದನು. ಆ ಮಗುವಿನ ಕೆಂಪು ರಿಬ್ಬನ್ನು ಈಗ ಕಣ್ಣೆದುರು ನಿಂತಿತು.

ಮನೆಯಲ್ಲಿ ಹೆಂಡತಿ ಜವರಮ್ಮ ಅಕ್ಕಿ ಆರಿಸುತ್ತಿದ್ದಳು. ಅವನು ಜಗಲಿಯ ಮೇಲೆ ಕೂತು ಕಾಲು ಚಾಚಿ, ಅವಳ ಸೆರಗಿನ ಪಿನ್ನು ಕೇಳಿದನು.

"ಕಣ್ ಮುಚ್ಕೊತೀನಿ. ಅಂಗಾಲ್ಗೆ ಚುಚ್ಚು."

"ಇದ್ಯಾವ್ ಅರಕೇರೀ? ಯಾರ್ದಾರಾ ಕಣ್ಣು ಬಿದ್ದದಾ?"

"ಚುಚ್ಚೇ ಅಂದ್ರೆ!"

ಅವನು ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕಾದನು. ಹಟ್ಟಿಯಲ್ಲಿ ಎಮ್ಮೆ ಉಸಿರು ಬಿಟ್ಟದ್ದು ಕೇಳಿಸಿತು. ಮತ್ತೆ ಕಾದನು.

"ಯಾಕೆ ಕೈ ನಡುಗ್ತದಾ? ಚುಚ್ಚು."

"ಮೂರ್ ಕಡೆ ಚುಚ್ಚಿ ತೆಗ್ದೆ ಕಣ್ರೀ" ಎಂದ ಜವರಮ್ಮನ ಧ್ವನಿ ಬದಲಾಗಿತ್ತು. "ರಕ್ತ ಬತ್ತಾ ಅದೆ."

ಅವನು ಕಣ್ಣು ತೆರೆಯುವಷ್ಟರಲ್ಲಿ ಅವಳು ಪಾದವನ್ನು ಮಡಿಲಿಗೆಳೆದುಕೊಂಡು ತಿರುಗಿಸಿ ನೋಡುತ್ತಿದ್ದಳು. ಹಿಮ್ಮಡಿಯ ಒಳಬದಿಯಲ್ಲಿ ಸೈಲೆನ್ಸರು ಸುಟ್ಟ ಗಾಯ ಕಪ್ಪಗೆ ಹೊಪ್ಪಳೆಗಟ್ಟಿ, ಅಂಚಿನಲ್ಲಿ ಕೀವಾಡುತ್ತಿತ್ತು.

"ಇದ್ಯಾವಾಗ ಸುಟ್ಕೊಂಡ್ರಿ?"

"ನಂಗೊತ್ತಿಲ್ಲ."

ಬಾಯಿ ಬಿಡದಿದ್ದರೆ ಕೆಲಸ ಉಳಿಯುತ್ತದೆಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಶಾಲೆ ಕೇಳುವ ಸರ್ಟಿಫಿಕೇಟು ಕಣ್ಣಿಗೆ ಸಂಬಂಧಿಸಿದ್ದು. ಕಾಲನ್ನು ಯಾರೂ ಮುಟ್ಟಿ ನೋಡುವುದಿಲ್ಲ. ಮುದ್ದೆ ಮುರಿಯುವಾಗ ಜವರಮ್ಮ ಒಂದೇ ಮಾತು ಕೇಳಿದಳು. "ನೋಡ್ಕೊಂಡ್ ತುಳಿದ್ರೆ ಆಗಾಕಿಲ್ವಾ?" ಕೇಳಿದವಳೇ ತಲೆ ತಗ್ಗಿಸಿದಳು.

ಸೋಮವಾರ ಬೆಳಗ್ಗೆ ಅವನು ಅದನ್ನೇ ಪರೀಕ್ಷಿಸಿದನು. ಶಾಲೆಯ ಅಂಗಳದಲ್ಲಿ ಖಾಲಿ ಬಸ್ಸು ಹತ್ತಿ, ಚಪ್ಪಲಿ ಬಿಚ್ಚಿಟ್ಟು, ಬ್ರೇಕಿನ ಮೇಲೆ ಕಾಲಿಟ್ಟನು. ಅಂಗಾಲಿನಿಂದ ಏನೂ ಮೇಲೇರಿ ಬರಲಿಲ್ಲ. ಕಾಲು ಬ್ರೇಕಿನ ಮೇಲಿದೆಯೋ ಪಕ್ಕದ ತಗಡಿನ ಮೇಲಿದೆಯೋ ತಿಳಿಯಲು ಬಗ್ಗಬೇಕಾಯಿತು. ಬಗ್ಗಿ ನೋಡಿ ತಲೆಯೆತ್ತಿದಾಗ, ಮುಂದಿನ ಗಾಜಿನಾಚೆ ಕಸ ಗುಡಿಸುವ ಹೆಂಗಸು ಅಂಗಳದ ಆ ತುದಿಯಿಂದ ಬಸ್ಸಿನ ಮುಂದಕ್ಕೆ ಬಂದು ನಿಂತಿದ್ದಳು. ಅವಳು ಬಂದದ್ದನ್ನು ಅವನು ಕಂಡಿರಲಿಲ್ಲ.

ಕೀಲಿ ಕಿತ್ತುಕೊಂಡು ಅವನು ಬಸ್ಸುಗಳ ಮೇಲ್ವಿಚಾರಕ ಮಹಾದೇವಸ್ವಾಮಿಯ ಕೋಣೆಗೆ ನಡೆದನು.

"ಬಲಗಾಲು ಸತ್ತೋಗದೆ ಸಾ. ಬ್ರೇಕ್ ತುಳ್ದದ್ದು ಗೊತ್ತಾಗಾಕಿಲ್ಲ."

ಮಹಾದೇವಸ್ವಾಮಿ ಫೋನಿನಿಂದ ಮುಖವೆತ್ತಿದನು. "ನಡ್ಕೊಂಡೇ ಬಂದ್ರಲ್ಲ ಪುಟ್ಟಬಸವಯ್ಯ?"

"ನಡೆಯಾಕೆ ಕಣ್ಣು ಸಾಕು ಸಾ. ಬಸ್ಸಿಗೆ ಸಾಲ್ದು."

"ಪರೀಕ್ಷೆ ಶುರುವಾಗೋ ಟೈಮಲ್ಲಿ ನಾನು ಯಾರನ್ನ ಹುಡುಕ್ಲಿ? ಒಂದು ಹದಿನೈದು ದಿವಸ ನಿಧಾನಕ್ಕೆ ಓಡ್ಸಿ. ಇಷ್ಟು ದಿವಸ ಓಡಿಸಿಲ್ವಾ? ಏನಾಯ್ತು? ಏನೂ ಆಗ್ಲಿಲ್ಲ ತಾನೆ?"

"ಆಗ ನಂಗ್ ಗೊತ್ತಿರ್ನಿಲ್ಲ ಸಾ."

"ಈಗ್ಲೂ ಗೊತ್ತಿಲ್ಲ ಅನ್ಕೊಳ್ಳಿ. ನೀವು ಹೇಳಿಲ್ಲ, ನಾನು ಕೇಳಿಲ್ಲ."

ಆ ಮಾತನ್ನು ಒಪ್ಪಿಕೊಳ್ಳುವುದು ಎಷ್ಟು ಸುಲಭವೆಂದು ಪುಟ್ಟಬಸವಯ್ಯನಿಗೆ ತಿಳಿದಿತ್ತು. ರಾತ್ರಿಯೆಲ್ಲ ಅವನು ತನಗೆ ತಾನೇ ಹೇಳಿಕೊಂಡದ್ದೂ ಅದನ್ನೇ.

"ನಲವತ್ತೆರಡು ಮಕ್ಳು ಸಾ" ಎಂದನು.

"ಸರಿ. ಬಿಡೋದಾದ್ರೆ ಬಿಡಿ. ಆದ್ರೆ ಇಲ್ಲಿ ಕೂರ್ಸಕ್ಕೆ ಬೇರೆ ಜಾಗ ಇಲ್ಲ, ಹೇಳ್ಬಿಟ್ಟಿದೀನಿ. ಗೇಟಿಗೆ ಆಗ್ಲೇ ಇಬ್ರು ಇದಾರೆ."

ಅವನು ಕೀಲಿಯನ್ನು ಮೇಜಿನ ಮೇಲಿಟ್ಟನು. ಮಹಾದೇವಸ್ವಾಮಿ ಅದನ್ನು ಎತ್ತಿಕೊಳ್ಳದೆ ಇನ್ನೊಬ್ಬ ಡ್ರೈವರನಿಗೆ ಫೋನು ಹಚ್ಚಿ, ಎರಡು ಸುತ್ತು ಹೋಗಬೇಕೆಂದು ಹೇಳಿದನು. ಆ ದಿನ ಮಕ್ಕಳು ಒಂದು ಗಂಟೆ ತಡವಾಗಿ ಶಾಲೆ ಸೇರಿದರು. ಹಳ್ಳಿಗಳಲ್ಲಿ ಕಾದುನಿಂತ ತಂದೆತಾಯಿಗಳು ಹೇಳದೆ ಕೇಳದೆ ಕೈಕೊಟ್ಟ ಪುಟ್ಟಬಸವಯ್ಯನನ್ನು ಬಾಯಿಗೆ ಬಂದಂತೆ ಬೈದರು. ನಿಜವಾದ ಕಾರಣವನ್ನು ಅವರಿಗೆ ಯಾರೂ ತಿಳಿಸಲಿಲ್ಲ.

ಮೋಟಾರು ಸೈಕಲ್ಲನ್ನು ಶಾಲೆಯ ಗೋಡೆಯ ಬಳಿಯೇ ಬಿಟ್ಟು ಅವನು ನಂಜನಗೂಡಿನಲ್ಲಿ ನರಸೀಪುರದ ಸರ್ಕಾರಿ ಬಸ್ಸು ಹತ್ತಿದನು. ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಪಕ್ಕದಲ್ಲಿ ಸಂತೆಯ ಚೀಲ ಇಳಿಸಿಕೊಂಡು ಕೂತ ಹೆಂಗಸೊಬ್ಬಳು ಆಗಲೇ ತೂಕಡಿಸುತ್ತಿದ್ದಳು. ಅವನು ರಸ್ತೆಯನ್ನು ನೋಡಿದನು. ಉಬ್ಬು, ತಿರುವು, ಅಡ್ಡ ಬಂದ ಹಸು, ಎಲ್ಲಿ ವೇಗ ತಗ್ಗಿಸಬೇಕೆಂಬುದು ಡ್ರೈವರನಿಗಿಂತ ಮೊದಲೇ ಅವನಿಗೆ ತಿಳಿಯುತ್ತಿತ್ತು. ಪ್ರತಿ ಸಲವೂ ಅವನ ಎದೆ ಮುಂದಕ್ಕೆ ಬಾಗಿ, ತೊಡೆ ಬಿಗಿಯುತ್ತಿತ್ತು.

"ಯಜಮಾನ್ರೇ! ಕಾಲ್ ತೆಗೀರಿ! ನನ್ ಚೀಲ ಕಾಣಾಕಿಲ್ವಾ?"

ಅವನು ಬೆಚ್ಚಿ ಕೆಳಗೆ ನೋಡಿದನು. ಬಲಗಾಲು ಅವಳ ಚೀಲದ ಮೇಲಿತ್ತು. ಟೊಮೇಟೊಗಳು ಒಡೆದು ರಸ ಬೆರಳುಗಳ ಸಂದಿನಿಂದ ಇಳಿಯುತ್ತಿತ್ತು.

"ಗೊತ್ತಾಗ್ನಿಲ್ಲ ಕಣವ್ವ."

"ಗೊತ್ತಾಗ್ನಿಲ್ವಂತೆ! ಕಾಲು ನಿಮ್ದೋ, ಪಕ್ಕದ್ಮನೇವ್ರುದೋ?"

ಹಿಂದಿನ ಸೀಟಿನಲ್ಲಿ ಇಬ್ಬರು ನಕ್ಕರು. ಪುಟ್ಟಬಸವಯ್ಯ ಎರಡು ಕೈಗಳಿಂದ ಮೊಣಕಾಲಿನ ಕೆಳಗೆ ಹಿಡಿದು, ಒಲೆಗೆ ತರುವ ಸೌದೆಯ ತುಂಡಿನಂತೆ ಆ ಕಾಲನ್ನೆತ್ತಿ ತನ್ನ ಎಡಗಾಲಿನ ಪಕ್ಕಕ್ಕಿಟ್ಟನು. ಬೈಯಲು ಮತ್ತೆ ಬಾಯಿ ತೆರೆದ ಹೆಂಗಸು, ಹಿಮ್ಮಡಿಯ ಕಪ್ಪು ಗಾಯವನ್ನು ಕಂಡು ಚೀಲವನ್ನು ಮೆಲ್ಲಗೆ ತನ್ನ ಕಡೆಗೆಳೆದುಕೊಂಡಳು.

ನರಸೀಪುರ ಹತ್ತಿರವಾದಾಗ ಅವನು ಕಂಬಿ ಹಿಡಿದು ಎದ್ದು ನಿಂತನು.

"ಕಂಡಕ್ಟ್ರೇ, ದೊಡ್ಡಾಸ್ಪತ್ರೆ ತವ ಒಸಿ ನಿಲ್ಸಿ" ಎಂದನು. ಬಸ್ಸು ನಿಂತಿತು. ಅವನು ಮೆಟ್ಟಿಲನ್ನು ನೋಡಿ, ಕಾಲನ್ನು ನೋಡಿ, ಮತ್ತೆ ಮೆಟ್ಟಿಲನ್ನು ನೋಡಿ, ಒಂದೊಂದಾಗಿ ಇಳಿಯತೊಡಗಿದನು.